ಅಕ್ಕ ಎಂಬ ಸಂಬೋಧನೆ

ಮಧುಗಿರಿ ಸೀಮೆಯ ಮಿಡಿಗೇಶಿಗೆ ಆ ಹೆಸರು ಬಂದುದು ಹಿಮ್ಮಡಿ ಮುಟ್ಟುವ ಕೇಶವಿದ್ದ ರಾಣಿಯಿಂದ ಎಂಬುದು ಐತಿಹ್ಯ. ಕೇಶವೆಂದೊಡನೆ ಶರಣರ ನೆನಪಿಗೆ ಬರುವವರು ಅಕ್ಕಮಹಾದೇವಿ ತಾಯಿಯವರು.

12ನೆಯ ಶತಮಾನದಲ್ಲಿ ಉಡುತಡಿಯಿಂದ ಕಲ್ಯಾಣಕ್ಕೆ ಬಂದ ಅಕ್ಕನನ್ನು ಅಲ್ಲಮಪ್ರಭುಗಳು ಪರೀಕ್ಷಿಸಿದ ಪ್ರಸಂಗ ಶೂನ್ಯಸಂಪಾದನೆಯಲ್ಲಿದೆ. ಪತಿ ಯಾರು, ಸೀರೆ ತೊರೆದ ಮೇಲೆ ಕೂದಲ ಮರೆ ಏಕೆ ಎಂಬುವು ಅಲ್ಲಿನ ಮುಖ್ಯ ಪ್ರಶ್ನೆಗಳು. ಚೆನ್ನಮಲ್ಲಿಕಾರ್ಜುನನೇ ಪತಿ, ಮರೆಯು ತನಗಾಗಿ ಅಲ್ಲ, ನೋಡುವವರಿಗೆ ನೋವಾಗದಿರಲೆಂದು ಎಂಬುದು ಅಕ್ಕನ ಉತ್ತರದ ತಾತ್ಪರ್ಯ.

ಈ ಕೃತಿ ರಚಿತವಾದುದು 15ನೆಯ ಶತಮಾನದಲ್ಲಿ. ಆದುದರಿಂದ ಆ ಪ್ರಶ್ನೆಗಳಲ್ಲಿ ಕಲ್ಯಾಣದ ದನಿಯ ಜೊತೆಗೆ ಸಂಕಲನಕಾರರ ಕಾಲದ ಶಂಕೆಯೂ ಬೆರೆತಿರಬಹುದು. ಅದೇನೇ ಇರಲಿ, ಪುರುಷ ಶರಣರ ಗೋಷ್ಠಿಗೆ ಸೇರಲು ಸ್ತ್ರೀಯು ಮೊದಲು ತನ್ನ ದೇಹಕ್ಕೆ ಉತ್ತರ ಹೇಳಬೇಕಾಯಿತು. ಪುರುಷರಿಗೆ ಇಂತಹ ಪರೀಕ್ಷೆ ಇರಲಿಲ್ಲ.

ವಯಸ್ಸಿನಲ್ಲಿ ಕಿರಿಯಳಾದರೂ ಆಕೆ ಎಲ್ಲರಿಗೂ ಅಕ್ಕನಾದಳು. ಆ ಸಂಬೋಧನೆ ಕಾಮದ ಶಂಕೆಯನ್ನು ಕಳೆದು, ಅನುಭಾವದ ಗೆಳೆತನಕ್ಕೆ ಬಾಗಿಲು ತೆರೆಯಿತು. ಆದರೆ ಒಳಗಿರುವ ಆತ್ಮ ಹೆಣ್ಣೂ ಅಲ್ಲ, ಗಂಡೂ ಅಲ್ಲ ಎಂಬ ಜೇಡರ ದಾಸಿಮಯ್ಯನವರ ಅರಿವು ನೆಲೆಗೊಂಡಿದ್ದರೆ ಆ ಪರೀಕ್ಷೆಯೇ ಬೇಕಿರಲಿಲ್ಲ.

ಇಂದೂ ಸ್ತ್ರೀಪುರುಷರಿಬ್ಬರು ಸ್ನೇಹದಿಂದ ಮಾತನಾಡಿದರೆ ಸಂಬಂಧವೇನೆಂದು ಕೇಳುವವರಿದ್ದಾರೆ. ಹಾಗೆ ಕೇಳುವ ಮುನ್ನ ಸದ್ಭಕ್ತರು ಅಕ್ಕನ ಉತ್ತರವನ್ನು ನೆನೆಯಬೇಕು. ನೋವು ನೋಡುವವರ ಕಣ್ಣಿನಲ್ಲಿದೆ.