ಆರಿದ ಒಲೆ ಹಚ್ಚಿದವರು

ನಮಗೆ ಓದಿಸಿದ ಚರಿತ್ರೆಯಲ್ಲಿ ಯುದ್ಧ ಗೆದ್ದವರ ಇಸವಿಗಳಿದ್ದವು. ಆರಿದ ಒಲೆ ಹಚ್ಚಿದವರ ಇಸವಿ ಎಲ್ಲೂ ಇರಲಿಲ್ಲ. ಅಂಥದೊಂದು ಇಸವಿ 1983.

ಪೆರು ದೇಶದ ಬೆಟ್ಟಸೀಮೆ ಆಯಾಕೂಚೊ. ಕೆಚುವ ಮಾತಾಡುವ ಬಡರೈತರ ನಾಡು. ಓದು ಬಾರದವರಿಗೆ ಅಲ್ಲಿ ಓಟು ಸಿಕ್ಕಿದ್ದೇ 1979ರ ಸಂವಿಧಾನದಿಂದ. 1980ರಲ್ಲಿ ‘ಹೊಳೆವ ಹಾದಿ’ ಪಕ್ಷ ಬಂದೂಕೆತ್ತಿತು. 1982ರ ಕೊನೆಗೆ ಸೈನ್ಯ ಬಂತು. ಬಡವರ ಹೆಸರಲ್ಲಿ ಬಂದವರೂ ಕೊಂದರು, ದೇಶದ ಹೆಸರಲ್ಲಿ ಬಂದವರೂ ಕೊಂದರು. 2000ದವರೆಗೆ ಸತ್ತವರು, ಕಾಣೆಯಾದವರು 69,280 ಅಂತ 2003ರಲ್ಲಿ ಸತ್ಯಶೋಧನಾ ಆಯೋಗ ಅಂದಾಜು ಮಾಡಿತು. ನಾಲ್ವರಲ್ಲಿ ಮೂವರು ಮೂಲನಿವಾಸಿ ಭಾಷೆಯವರು!

1983ರ ಜುಲೈನಲ್ಲಿ ಏಂಜೆಲಿಕಾ ಮೆಂಡೋಸಾ ಎಂಬ ತಾಯಿಯ ಮಗನನ್ನು ಸೈನಿಕರು ಮನೆಯಿಂದಲೇ ಎಳೆದೊಯ್ದರು. ಆಕೆ ಠಾಣೆ ಅಲೆದಳು, ಹೆಣ ಎಸೆವ ಕಮರಿ ಅಲೆದಳು. ಹೋದಲ್ಲೆಲ್ಲ ತನ್ನಂಥವರೇ ಸಿಕ್ಕರು. ಸೆಪ್ಟೆಂಬರಿನಲ್ಲಿ ಆ ಹೆಂಗಸರು ಕೂಡಿ ‘ಅನ್‌ಫಾಸೆಪ್’ ಸಂಘ ಕಟ್ಟಿದರು. ತಬ್ಬಲಿ ಮಕ್ಕಳಿಗೆ ಒಲೆ ಹಚ್ಚಿ ಉಣ್ಣಿಸಿದರು. ‘ಕೊಲ್ಲಬೇಡ’ ಅಂತ ಬರೆದ ಶಿಲುಬೆ ಹೊತ್ತು ಬೀದಿಗಿಳಿದರು. 2005ರಲ್ಲಿ ಸತ್ತವರ ಬಟ್ಟೆ, ಫೋಟೋ ಇಟ್ಟು ಮ್ಯೂಸಿಯಂ ತೆರೆದರು. 2017ರ ಆಗಸ್ಟಿನಲ್ಲಿ ಕೋರ್ಟು ಇಬ್ಬರು ಸೇನಾಧಿಕಾರಿಗಳಿಗೆ ಶಿಕ್ಷೆ ಕೊಟ್ಟಿತು. ಅದೇ ತಿಂಗಳು ಆ ತಾಯಿ ತೀರಿಕೊಂಡಳು. ಮಗನ ಮೂಳೆಯೂ ಸಿಕ್ಕಿರಲಿಲ್ಲ.

ಗೆಳೆಯರೇ, ಬೆಂಬಲ ಕೊಡಲು ಹೋಗುವ ನಾವು ಮೊದಲು ಆ ಒಲೆಗೆ ಸೌದೆ ಒಯ್ಯೋಣ. ಭಾಷಣ ಆಮೇಲಿರಲಿ.