ಉಬ್ಬರ ಇಳಿದಾಗ ಸಿಗುವ ದಾರಿ

ಇಂಗ್ಲೆಂಡಿನ ಈಶಾನ್ಯ ಕರಾವಳಿಯ ಲಿಂಡಿಸ್‌ಫಾರ್ನ್ ದಿನಕ್ಕೆ ಎರಡು ಬಾರಿ ದ್ವೀಪವಾಗುತ್ತದೆ. ಉಬ್ಬರ ಇಳಿದಾಗ ಅಲ್ಲಿಗೆ ನಡೆದೇ ಹೋಗಬಹುದು. ಕ್ರಿ.ಶ. 635ರಲ್ಲಿ ಏಡನ್ ಎಂಬ ಕ್ರೈಸ್ತ ಸಂನ್ಯಾಸಿ ಇಲ್ಲಿ ಮಠ ಸ್ಥಾಪಿಸಿದನು. ಊರೂರಿಗೆ ಕಾಲ್ನಡಿಗೆಯಲ್ಲಿ ಹೋಗಿ, ಎದುರಾದವರೊಡನೆ ಮಾತಾಡುವುದು ಅವನ ಪದ್ಧತಿಯಾಗಿತ್ತೆಂದು ಇತಿಹಾಸಕಾರ ಬೀಡ್ 731ರಲ್ಲಿ ಮುಗಿಸಿದ ಗ್ರಂಥದಲ್ಲಿ ಹೇಳಿದ್ದಾನೆ. 793ರಲ್ಲಿ ವೈಕಿಂಗರು ಮಠವನ್ನು ದೋಚಿದರು. ಅವರು ಹಡಗಿನಲ್ಲಿ ಬಂದವರು. ಮರಳಿನ ಹಾದಿ ಅವರಿಗೆ ಬೇಕಾಗಿರಲಿಲ್ಲ!

ಯಾತ್ರಿಕರಿಗೆ ಮಾತ್ರ ಆ ಹಾದಿಯೇ ಬೇಕು. ಸುಮಾರು 5 ಕಿಲೋಮೀಟರ್ ಉದ್ದದ ಈ ‘ಯಾತ್ರಿಕರ ದಾರಿ’ಗೆ ಮರಳಿನಲ್ಲಿ ನೆಟ್ಟ ಕಂಬಗಳ ಸಾಲೇ ಗುರುತು. ನೀರಿಗೆ ಸಿಕ್ಕಿಬಿದ್ದವರು ಏರಿ ಕೂರಲೆಂದು ಎತ್ತರದ ಮರದ ಅಟ್ಟಣೆಗಳಿವೆ. 1954ರಲ್ಲಿ ವಾಹನಗಳಿಗೆ ಬೇರೆ ರಸ್ತೆಯಾಯಿತು. ಅದೂ ಉಬ್ಬರದಲ್ಲಿ ಮುಳುಗುತ್ತದೆ. ಆತುರದ ಚಾಲಕರು ಇಂದಿಗೂ ಸಿಕ್ಕಿಬೀಳುತ್ತಾರೆ.

ನಿನ್ನೆ ಈ ಹೊತ್ತಿಗೆ ದಾಟಿದೆವು, ಇವತ್ತೂ ದಾಟಬಹುದು ಎಂಬ ಲೆಕ್ಕ ಇಲ್ಲಿ ನಡೆಯದು. ಭೂಮಿ ಒಂದು ಸುತ್ತು ತಿರುಗುವಷ್ಟರಲ್ಲಿ ಚಂದ್ರ ತನ್ನ ಕಕ್ಷೆಯಲ್ಲಿ ಮುಂದೆ ಸಾಗಿರುತ್ತಾನೆ. ಹೀಗಾಗಿ ಉಬ್ಬರದ ವೇಳೆ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತದೆ. ನಡೆಯುವವರು ವೇಳಾಪಟ್ಟಿ ನೋಡಿಕೊಂಡು, ನೀರು ಇಳಿಯುತ್ತಿರುವಾಗಲೇ ಹೊರಡಬೇಕು. ನಡುದಾರಿಯಲ್ಲಿ ನೀರು ಏರತೊಡಗಿದರೆ ಉಳಿಯುವುದು ಆ ಅಟ್ಟಣೆಯೊಂದೇ.