ಗಾಂಜಾ ಸೇವನೆ ಮತ್ತು ಆರೋಗ್ಯ: ಅರಿವು ಬೆಳೆದುಬಂದ ದಾರಿ

ಗಾಂಜಾ ಸೇವನೆಯ ಹಾನಿ ಎಷ್ಟೆಂಬ ವಿಚಾರಣೆ ಭಾರತದಲ್ಲಿ ಬಹಳ ಹಿಂದೆಯೇ ನಡೆದಿದೆ. 1893ರಲ್ಲಿ ನೇಮಕವಾದ ಇಂಡಿಯನ್ ಹೆಂಪ್ ಡ್ರಗ್ಸ್ ಕಮಿಷನ್ ಸಾವಿರಕ್ಕೂ ಹೆಚ್ಚು ಜನರ ಸಾಕ್ಷ್ಯ ಪಡೆದು ಮರುವರ್ಷ ವರದಿ ಕೊಟ್ಟಿತು. ಭಂಗಿ ಸೊಪ್ಪು ಸೇದಿದರೆ ಹುಚ್ಚು ಹಿಡಿಯುತ್ತದೆಂಬ ನಂಬಿಕೆಯನ್ನು ಒರೆಗೆ ಹಚ್ಚಲು ಅದು ಹುಚ್ಚಾಸ್ಪತ್ರೆಗಳ ದಫ್ತರವನ್ನೇ ತೆರೆಸಿತು. ಕಾಯಿಲೆಯ ಕಾರಣ ಬರೆಯುವ ಕಲಂನಲ್ಲಿ, ಬೇರೇನೂ ತಿಳಿಯದಿದ್ದಾಗ, ರೋಗಿಯನ್ನು ಕರೆತಂದ ಪೊಲೀಸರ ಮಾತಿನ ಮೇಲೆ ‘ಗಾಂಜಾ’ ಎಂದು ತುಂಬುತ್ತಿದ್ದುದು ಬಯಲಾಯಿತು. 1892ರಲ್ಲಿ ಹೀಗೆ ದಾಖಲಾಗಿದ್ದ 222 ಪ್ರಕರಣಗಳಲ್ಲಿ ಆಯೋಗ ಒಪ್ಪಿದ್ದು 98ನ್ನು ಮಾತ್ರ. ಮಿತವಾದ ಸೇವನೆಯಿಂದ ಹೇಳಿಕೊಳ್ಳುವಂಥ ಕೇಡಿಲ್ಲ, ಅತಿಯಾದರೆ ಕೇಡು ಖಂಡಿತ ಎಂಬುದು ಅದರ ನಿಲುವು. ಆ ಕಾಲಕ್ಕೆ ಇದು ಎಚ್ಚರದ, ಪ್ರಾಮಾಣಿಕ ತೀರ್ಮಾನ. ಆದರೆ ಸೊಪ್ಪಿನಲ್ಲಿರುವ ಮತ್ತಿನ ಅಂಶ ಯಾವುದೆಂಬುದೇ ಆಗ ಯಾರಿಗೂ ತಿಳಿದಿರಲಿಲ್ಲ.

ಅದು ತಿಳಿದದ್ದು 1964ರಲ್ಲಿ. ಇಸ್ರೇಲಿನ ರಫೇಲ್ ಮೆಶೂಲಮ್ ಮತ್ತು ಯೆಹಿಯೆಲ್ ಗಾವೋನಿ ಟಿಎಚ್‌ಸಿ ಎಂಬ ರಾಸಾಯನಿಕವನ್ನು ಬೇರ್ಪಡಿಸಿದರು. ಮಿದುಳಿನಲ್ಲಿ ಅದು ಹೋಗಿ ಕೂರುವ ಗ್ರಾಹಕಗಳು 1988ರಲ್ಲಿ ಪತ್ತೆಯಾದವು. ನೆನಪು, ಭಯ, ಚಲನೆಗಳನ್ನು ನೋಡಿಕೊಳ್ಳುವ ಭಾಗಗಳಲ್ಲಿ ಇವು ದಟ್ಟವಾಗಿದ್ದು, ಉಸಿರಾಟವನ್ನು ನಡೆಸುವ ಮಿದುಳಿನ ಕಾಂಡದಲ್ಲಿ ವಿರಳ. ಹೆರಾಯಿನ್‌ನಂತೆ ಗಾಂಜಾ ಒಮ್ಮೆಲೇ ಉಸಿರು ಕಟ್ಟಿಸಿ ಕೊಲ್ಲುವುದಿಲ್ಲ ಎಂಬುದಕ್ಕೆ ಕಾರಣ ಇದೇ.

ಮನೋರೋಗದ ಪ್ರಶ್ನೆ ಮಾತ್ರ ಮತ್ತೆ ಎದ್ದಿತು. ಸೈನ್ಯಕ್ಕೆ ಆಯ್ಕೆಯಾದ 45,570 ಸ್ವೀಡಿಷ್ ಯುವಕರನ್ನು 15 ವರ್ಷ ಗಮನಿಸಿದ ಅಧ್ಯಯನ 1987ರಲ್ಲಿ ಪ್ರಕಟವಾಯಿತು. 50ಕ್ಕಿಂತ ಹೆಚ್ಚು ಬಾರಿ ಗಾಂಜಾ ಸೇದಿದ್ದವರಲ್ಲಿ ಸ್ಕಿಜೋಫ್ರೇನಿಯಾ ಆರು ಪಟ್ಟು ಹೆಚ್ಚು ಕಂಡುಬಂದಿತ್ತು. ಗಾಂಜಾದಿಂದ ಕಾಯಿಲೆಯೋ, ಕಾಯಿಲೆಯ ಕಡೆಗೆ ವಾಲಿದವರೇ ಗಾಂಜಾಕ್ಕೆ ಹೋಗುತ್ತಾರೋ ಎಂಬ ತಕರಾರು ಇನ್ನೂ ಪೂರ್ತಿ ತೀರಿಲ್ಲ. ಆದರೂ ಯುರೋಪ್ ಮತ್ತು ಬ್ರೆಜಿಲ್‌ನ ರೋಗಿಗಳ ಮೇಲೆ ನಡೆದ 2019ರ ಅಧ್ಯಯನ ಒಂದು ಮಾತನ್ನು ಗಟ್ಟಿ ಮಾಡಿದೆ: ಟಿಎಚ್‌ಸಿ ಪ್ರಮಾಣ ಶೇ. 10 ಅಥವಾ ಹೆಚ್ಚಿರುವ ಮಾಲನ್ನು ದಿನವೂ ಸೇದುವವರಲ್ಲಿ ಸೈಕೋಸಿಸ್ ಸಾಧ್ಯತೆ ಸುಮಾರು ಐದು ಪಟ್ಟು.

ಉಳಿದ ಹಾನಿಗಳ ವಿಷಯದಲ್ಲಿ ತಕರಾರು ಕಡಿಮೆ. ಸೇದಿ ಗಾಡಿ ಓಡಿಸಿದರೆ ಅಪಘಾತ ಹೆಚ್ಚು. ಬಸುರಿ ಸೇದಿದರೆ ಮಗುವಿನ ತೂಕ ಕಡಿಮೆ. ಹೊಗೆಯಿಂದ ಕೆಮ್ಮು, ಕಫ. ದೀರ್ಘಕಾಲ ಸೇದಿದ ಕೆಲವರಿಗೆ ವಾಂತಿ ಬಿಡದೆ ಕಾಡುತ್ತದೆ. ಬಿಸಿನೀರು ಮೈಮೇಲೆ ಸುರಿದುಕೊಳ್ಳುವಷ್ಟು ಹೊತ್ತು ಮಾತ್ರ ಅವರಿಗೆ ಆರಾಮ, ಹಾಗಾಗಿ ಬಚ್ಚಲು ಬಿಟ್ಟು ಬರುವುದಿಲ್ಲ. ವೈದ್ಯರು ಈ ಕಾಯಿಲೆಯನ್ನು ಗುರುತಿಸುವುದು ಬಹುಪಾಲು ಈ ಲಕ್ಷಣದಿಂದಲೇ.

ಮದ್ಯಕ್ಕೆ ಹೋಲಿಸಿದರೆ ಗಾಂಜಾ ಕಡಿಮೆ ಅಪಾಯಕಾರಿ ಎಂಬ ವಾದಕ್ಕೆ ಆಧಾರವಿದೆ. ಬ್ರಿಟನ್‌ನಲ್ಲಿ ಡೇವಿಡ್ ನಟ್ ತಂಡ 2010ರಲ್ಲಿ ಅಮಲು ಪದಾರ್ಥಗಳ ಹಾನಿಗೆ ಅಂಕ ಕೊಟ್ಟಾಗ ಮದ್ಯಕ್ಕೆ 72, ಗಾಂಜಾಕ್ಕೆ 20 ಬಂದಿತ್ತು. ಆದರೆ ಈ ಅಂಕಿ ಇಡೀ ಸಮಾಜದ ಲೆಕ್ಕ. ಮನೆಯಲ್ಲಿ ಮನೋರೋಗದ ಹಿನ್ನೆಲೆಯಿರುವ ಹದಿನಾರರ ಹುಡುಗನಿಗೆ ಅದು ಅನ್ವಯಿಸುವುದಿಲ್ಲ. ಒಮ್ಮೆಯಾದರೂ ಸೇದಿದವರಲ್ಲಿ ಚಟಕ್ಕೆ ಬೀಳುವವರು ಸುಮಾರು ಶೇ. 9, ಹದಿಹರೆಯದಲ್ಲಿ ಶುರುಮಾಡಿದವರಲ್ಲಿ ಅದು ಶೇ. 17ರ ಹತ್ತಿರ.

ಕೋಲಾರ ಸೀಮೆಗೆ ಈ ವಿಷಯ ದೂರದ್ದಲ್ಲ. ಆಂಧ್ರ–ಒಡಿಶಾ ಗಡಿಯ ಬೆಟ್ಟಗಳಲ್ಲಿ ಬೆಳೆದ ಗಾಂಜಾ ದಕ್ಷಿಣದ ನಗರಗಳಿಗೆ ಸಾಗುತ್ತದೆ. ಆಂಧ್ರದಿಂದ ಬೆಂಗಳೂರಿಗೆ ಹೋಗುವ ಹೆದ್ದಾರಿ ನಂಗಲಿ, ಮುಳಬಾಗಿಲು, ಕೋಲಾರಗಳನ್ನು ಹಾದರೆ, ಪೂರ್ವದಿಂದ ಬರುವ ಹಲವು ರೈಲುಗಳು ಮಾಲೂರು ದಾಟಿ ಹೋಗುತ್ತವೆ. ಕದ್ದು ಮಾರುವ ಪೊಟ್ಟಣದ ಮೇಲೆ ಟಿಎಚ್‌ಸಿ ಪ್ರಮಾಣ ಬರೆದಿರುವುದಿಲ್ಲ. ತಂಬಾಕು ಬೆರೆಸಿ ಸೇದುವುದರಿಂದ ಪುಪ್ಪುಸಕ್ಕೆ ಎರಡು ಪೆಟ್ಟು. ಹೊರದೇಶಗಳಲ್ಲಿ ಅಳೆದು ಮಾರುವ ಮಾಲನ್ನು ತೋರಿಸಿ ‘ಸೇಫ್’ ಎನ್ನುವ ಮಾತು ಇಲ್ಲಿಗೆ ಹೊಂದುವುದೇ ಇಲ್ಲ.

2019ರ ಕೇಂದ್ರ ಸರ್ಕಾರದ ಸಮೀಕ್ಷೆಯಂತೆ ಗಾಂಜಾ, ಚರಸ್, ಭಂಗಿಯ ತೊಂದರೆಗೆ ನೆರವು ಬೇಕಾದವರು ದೇಶದಲ್ಲಿ ಸುಮಾರು 72 ಲಕ್ಷ. ಈ ಚಟ ಬಿಡಿಸಲೆಂದೇ ಇರುವ ಮಾತ್ರೆ ಇಲ್ಲ. ಆಪ್ತಸಮಾಲೋಚನೆಯೇ ಮುಖ್ಯ ಚಿಕಿತ್ಸೆ. ಬಿಟ್ಟ ಮೊದಲ ವಾರ ನಿದ್ದೆಗೇಡು, ಸಿಡುಕು, ಊಟ ಸೇರದಿರುವುದು ಜೋರಾಗಿರುತ್ತದೆ. ಎರಡು–ಮೂರು ವಾರದಲ್ಲಿ ಇಳಿಯುತ್ತದೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರು ಸಿಗುವಂತೆ ಮಾಡುವ ‘ಮನೋಚೈತನ್ಯ’ ಕಾರ್ಯಕ್ರಮ ರಾಜ್ಯದಲ್ಲಿದೆ. ಅಲ್ಪ ಪ್ರಮಾಣದ ಪ್ರಕರಣದಲ್ಲಿ ಸಿಕ್ಕಿಬಿದ್ದ ವ್ಯಸನಿ ತಾನಾಗಿ ಚಿಕಿತ್ಸೆಗೆ ಮುಂದಾದರೆ ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಂ ಅವನಿಗೆ ಮೊಕದ್ದಮೆಯಿಂದ ರಕ್ಷಣೆ ಕೊಡುತ್ತದೆ. ಮನೆಯವರು ಕನ್ನಡದಲ್ಲೇ ಮಾತಾಡಿ ಸಲಹೆ ಪಡೆಯಬಹುದಾದ ಟೆಲಿ-ಮಾನಸ್ ಉಚಿತ ಸಹಾಯವಾಣಿ 14416.